ಯಂತ್ರದ ಸದ್ದು, ಮನುಷ್ಯನ ಕಿವಿ: ಟಾಮ್ ಕ್ಲಾನ್ಸಿ ಅವರ ಕಾದಂಬರಿಗಳು

ಯಂತ್ರವೊಂದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ, ಅದನ್ನು ನಡೆಸುವವನಿಗೆ ಅದರ ಒಳಗುಟ್ಟು ಎಷ್ಟು ಗೊತ್ತಿದೆ ಎಂಬುದನ್ನೇ ಕಥೆಯ ಜೀವಾಳವಾಗಿ ಮಾಡಿಕೊಂಡ ರೋಚಕ ಕಾದಂಬರಿಗಳಿಗೆ ಇಂಗ್ಲಿಷ್ ಸಾಹಿತ್ಯ ವಲಯದಲ್ಲಿ ಟೆಕ್ನೋ-ಥ್ರಿಲ್ಲರ್ ಎಂಬ ಹೆಸರು ನಿಂತಿದೆ. 1969ರಲ್ಲಿ ಬಂದ ಮೈಕೆಲ್ ಕ್ರೈಟನ್ ಅವರ ‘ದಿ ಆಂಡ್ರೊಮಿಡಾ ಸ್ಟ್ರೇನ್’ ಮತ್ತು 1977ರಲ್ಲಿ ಬಂದ ಕ್ರೇಗ್ ಥಾಮಸ್ ಅವರ ‘ಫೈರ್‌ಫಾಕ್ಸ್’ ಈ ದಾರಿಯನ್ನು ಮೊದಲೇ ತುಳಿದಿದ್ದವಾದರೂ, ಅದು ಜನಪ್ರಿಯ ಸಾಹಿತ್ಯದ ಹೆದ್ದಾರಿಯಾದದ್ದು 1984ರ ಅಕ್ಟೋಬರಿನಲ್ಲಿ, ಮೇರಿಲ್ಯಾಂಡಿನ ವಿಮಾ ಏಜೆಂಟರೊಬ್ಬರು ಬರೆದ ‘ದಿ ಹಂಟ್ ಫಾರ್ ರೆಡ್ ಅಕ್ಟೋಬರ್’ ಎಂಬ ಕಾದಂಬರಿ ಪ್ರಕಟವಾದ ಮೇಲೆ. ಆ ಏಜೆಂಟರ ಹೆಸರು ಟಾಮ್ ಕ್ಲಾನ್ಸಿ. ಅವರಿಗಿಂತ ಹಿಂದಿನ ಬೇಹುಗಾರಿಕೆ ಕಾದಂಬರಿಗಳಲ್ಲಿ ಯಂತ್ರಕ್ಕೆ ಎರಡೇ ಬಗೆಯ ಸ್ಥಾನವಿತ್ತು. ಇಯಾನ್ ಫ್ಲೆಮಿಂಗ್ ಅವರಲ್ಲಿ ಅದು ನಾಯಕನ ಜೇಬಿನಿಂದ ಹೊರಬರುವ ಚಮತ್ಕಾರವಾಗಿತ್ತು. ಜಾನ್ ಲ ಕ್ಯಾರೆ ಅವರಲ್ಲಿ ಗೂಢಚರನ ಒಳತೋಟಿಯೇ ಮುಖ್ಯವಾಗಿ ಯಂತ್ರ ಹಿನ್ನೆಲೆಗೆ ಸರಿದಿತ್ತು. ಕ್ಲಾನ್ಸಿ ಈ ಎರಡನ್ನೂ ಬಿಟ್ಟು, ಯಂತ್ರದ ಕೆಲಸವನ್ನು ಸಾಮಾನ್ಯ ಓದುಗನಿಗೆ ಬಿಡಿಸಿ ಹೇಳಿದರೆ ಆ ವಿವರಣೆಯಿಂದಲೇ ಉಸಿರು ಬಿಗಿಹಿಡಿಸಬಹುದು ಎಂದು ನಂಬಿದರು.

ಕ್ಲಾನ್ಸಿ ಹುಟ್ಟಿದ್ದು 1947ರ ಏಪ್ರಿಲ್ 12ರಂದು, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ತಂದೆ ಅಂಚೆ ಇಲಾಖೆಯ ನೌಕರರು. ಜೆಸ್ಯೂಟ್ ಪಾದ್ರಿಗಳು ನಡೆಸುತ್ತಿದ್ದ ಲೊಯೊಲಾ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ 1969ರಲ್ಲಿ ಪದವಿ ಪಡೆದ ಅವರಿಗೆ ಸೈನ್ಯದ ಬಗ್ಗೆ ಎಳೆಯ ವಯಸ್ಸಿನಿಂದಲೂ ಅಪಾರ ಆಸಕ್ತಿಯಿತ್ತು. ಆದರೆ ದೂರದ ವಸ್ತು ಕಾಣದಷ್ಟು ಮಂದವಾಗಿದ್ದ ದೃಷ್ಟಿಯ ಕಾರಣದಿಂದ ಸೈನ್ಯದ ಬಾಗಿಲು ತೆರೆಯಲಿಲ್ಲ. ಮುಂದೆ ಅವರು ಪತ್ನಿಯ ಅಜ್ಜ ಸ್ಥಾಪಿಸಿದ್ದ ಸಣ್ಣ ವಿಮಾ ಏಜೆನ್ಸಿಗೆ ಸೇರಿ, 1980ರಲ್ಲಿ ಅದನ್ನು ಕೊಂಡು, ಮನೆ, ಕಾರು, ದೋಣಿಗಳ ವಿಮೆ ಮಾಡಿಸುತ್ತ ಸಂಸಾರ ನಡೆಸಿದರು. ಹೊರಗೆ ನಿಂತು ನೋಡುವವನಿಗೆ ಒಳಗಿನ ಲೋಕದ ಮೇಲೆ ಇರುವ ತೀವ್ರ ಕುತೂಹಲ, ಅಪಾಯವನ್ನು ಅಳೆದು ಬೆಲೆಕಟ್ಟುವ ವಿಮಾ ವೃತ್ತಿಯ ಅಭ್ಯಾಸ, ಇವೆರಡೂ ಅವರ ಕಾದಂಬರಿಗಳಲ್ಲಿ ಎದ್ದು ಕಾಣುತ್ತವೆ.

ಕಾದಂಬರಿಗೆ ಬೇಕಾದ ಮಾಹಿತಿಯನ್ನು ಅವರು ಗುಪ್ತ ಮೂಲಗಳಿಂದ ತಂದದ್ದಲ್ಲ. ಜಗತ್ತಿನ ಯುದ್ಧನೌಕೆಗಳ ವಿವರ ಕೊಡುವ, ಯಾರು ಬೇಕಾದರೂ ಕೊಳ್ಳಬಹುದಾದ ವಾರ್ಷಿಕ ಸಂಪುಟಗಳು, ನೌಕಾ ವಿಷಯಗಳ ನಿಯತಕಾಲಿಕೆಗಳು, ಲ್ಯಾರಿ ಬಾಂಡ್ ಎಂಬ ಮಾಜಿ ನೌಕಾ ಅಧಿಕಾರಿ ರೂಪಿಸಿದ್ದ ‘ಹಾರ್ಪೂನ್’ ಎಂಬ ಸಮುದ್ರ ಯುದ್ಧದ ಆಟದ ನಿಯಮ ಪುಸ್ತಕ, ನೌಕಾಪಡೆಯಲ್ಲಿ ಕೆಲಸ ಮಾಡಿ ಬಂದವರೊಂದಿಗೆ ನಡೆಸಿದ ಮಾತುಕತೆ, ಇಷ್ಟೇ ಅವರ ಬಂಡವಾಳ. ಹಸ್ತಪ್ರತಿ ಸಿದ್ಧವಾದಾಗ ಅವರು ಅದನ್ನು ಕೊಟ್ಟದ್ದು ಅನಾಪೊಲಿಸ್ ಪಟ್ಟಣದ ನೇವಲ್ ಇನ್‌ಸ್ಟಿಟ್ಯೂಟ್ ಪ್ರೆಸ್‌ಗೆ. ನೌಕಾಶಾಸ್ತ್ರದ ಗಂಭೀರ ಗ್ರಂಥಗಳನ್ನು ಮಾತ್ರ ಹೊರತರುತ್ತಿದ್ದ ಆ ಪ್ರಕಾಶನ ಅಲ್ಲಿಯವರೆಗೆ ಒಂದೂ ಹೊಸ ಕಾದಂಬರಿಯನ್ನು ಪ್ರಕಟಿಸಿರಲಿಲ್ಲ. ಸಂಪಾದಕಿ ಡೆಬೊರಾ ಗ್ರೋವ್ನರ್ ಅವರು ಹಸ್ತಪ್ರತಿಯ ಬಲವನ್ನು ಗುರುತಿಸಿ, ತಾಂತ್ರಿಕ ವಿವರಗಳಲ್ಲಿ ಸುಮಾರು 100 ಪುಟಗಳಷ್ಟನ್ನು ಕಡಿತಗೊಳಿಸಲು ಹೇಳಿ, 5,000 ಡಾಲರ್ ಮುಂಗಡಕ್ಕೆ ಅದನ್ನು ಪಡೆದರು. ಕ್ಲಾನ್ಸಿ ಅವರ ಬರವಣಿಗೆಯ ಇತಿಹಾಸದಲ್ಲಿ ಈ ಕಡಿತಕ್ಕೆ ದೊಡ್ಡ ಮಹತ್ವವಿದೆ, ಏಕೆಂದರೆ ಮುಂದೆ ಖ್ಯಾತಿ ಬೆಳೆದಂತೆಲ್ಲ ಹೀಗೆ ಕತ್ತರಿ ಆಡಿಸುವ ಕೈ ಅವರ ಪುಸ್ತಕಗಳಲ್ಲಿ ಕಾಣದೆ ಹೋಯಿತು.

ಪುಸ್ತಕ ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಕೈ ಸೇರಿ, ಅವರು ಅದನ್ನು ಬಹಿರಂಗವಾಗಿ ಮೆಚ್ಚಿಕೊಂಡದ್ದೇ ತಡ, ಸಣ್ಣ ಪ್ರಕಾಶನದ ಪುಸ್ತಕ ರಾಷ್ಟ್ರಮಟ್ಟದ ಬೆಸ್ಟ್‌ಸೆಲ್ಲರ್ ಆಯಿತು. ನೌಕಾಪಡೆಯ ಆಗಿನ ಕಾರ್ಯದರ್ಶಿ ಜಾನ್ ಲೇಮನ್ ಅವರು, ಇದನ್ನು ಪ್ರಕಟಿಸಲು ಅನುಮತಿ ಕೊಟ್ಟವರಾರು ಎಂದು ಗದರಿ ಕೇಳಿದ್ದಾಗಿ ಕ್ಲಾನ್ಸಿ ಹೇಳಿಕೊಳ್ಳುತ್ತಿದ್ದರು. ರಹಸ್ಯವೆಂದು ಅಧಿಕಾರಿಗಳು ಭಾವಿಸಿದ್ದ ಎಷ್ಟೋ ಸಂಗತಿಗಳು ಗ್ರಂಥಾಲಯದ ಕಪಾಟುಗಳಲ್ಲಿ ಚದುರಿ ಬಿದ್ದಿದ್ದವು. ಅವನ್ನು ಒಂದೆಡೆ ಕೂಡಿಸುವ ತಾಳ್ಮೆ ಬೇಕಿತ್ತು, ಅದು ಕ್ಲಾನ್ಸಿ ಅವರಲ್ಲಿತ್ತು.

ಕಾದಂಬರಿಯ ಬೀಜ ಒಂದು ನಿಜ ಘಟನೆ. 1975ರ ನವೆಂಬರಿನಲ್ಲಿ ಸೋವಿಯತ್ ಯುದ್ಧನೌಕೆ ‘ಸ್ಟೊರೊಜೆವೊಯ್’ನ ರಾಜಕೀಯ ಅಧಿಕಾರಿ, ಅಂದರೆ ನಾವಿಕರಿಗೆ ಪಕ್ಷದ ಸಿದ್ಧಾಂತ ಬೋಧಿಸುವ ಹೊಣೆ ಹೊತ್ತಿದ್ದ ವಲೇರಿ ಸಾಬ್ಲಿನ್, ಕ್ಯಾಪ್ಟನ್ನನ್ನು ಕೂಡಿಹಾಕಿ ನೌಕೆಯನ್ನು ರೀಗಾ ಬಂದರಿನಿಂದ ಹೊರಗೆ ನಡೆಸಿದರು. ಯುದ್ಧವಿಮಾನಗಳು ಬಾಂಬ್ ಹಾಕಿ ನೌಕೆಯನ್ನು ತಡೆದವು. ಮರುವರ್ಷ ಸಾಬ್ಲಿನ್ ಅವರಿಗೆ ಮರಣದಂಡನೆಯಾಯಿತು. ಅವರು ಸ್ವೀಡನ್ನಿಗೆ ಪರಾರಿಯಾಗುತ್ತಿದ್ದರೆಂದು ಪಶ್ಚಿಮದಲ್ಲಿ ಆಗ ಭಾವಿಸಲಾಗಿತ್ತು. ಅವರ ನಿಜವಾದ ಉದ್ದೇಶ ಲೆನಿನ್‌ಗ್ರಾಡ್ ತಲುಪಿ, ದಾರಿತಪ್ಪಿದ ಕ್ರಾಂತಿಯನ್ನು ಮತ್ತೆ ಸರಿದಾರಿಗೆ ತರುವಂತೆ ಜನರಿಗೆ ಕರೆ ಕೊಡುವುದಾಗಿತ್ತು. ಲೆನಿನ್ ಅವರನ್ನು ಮನಸಾರೆ ನಂಬಿದ್ದ ಮನುಷ್ಯನೊಬ್ಬನ ಬಂಡಾಯ ಹೀಗೆ ಅಮೆರಿಕನ್ ಕಾದಂಬರಿಯಲ್ಲಿ ಪಶ್ಚಿಮದ ಕಡೆಗಿನ ಪಲಾಯನವಾಗಿ ರೂಪಾಂತರಗೊಂಡಿತು. ಸಾಬ್ಲಿನ್ ಅವರ ದುರಂತಕ್ಕೆ ಕಾದಂಬರಿ ನ್ಯಾಯ ಒದಗಿಸಿಲ್ಲ ಎಂಬುದನ್ನು ಅದರ ಅಭಿಮಾನಿಗಳೂ ಒಪ್ಪಬೇಕು.

ಕಾದಂಬರಿಯಲ್ಲಿ ಪರಾರಿಯಾಗುವುದು ಹೊಚ್ಚ ಹೊಸ ಸೋವಿಯತ್ ಜಲಾಂತರ್ಗಾಮಿ ನೌಕೆ ‘ರೆಡ್ ಅಕ್ಟೋಬರ್’. ಸುಮಾರು 175 ಮೀಟರ್ ಉದ್ದದ, ಅಣ್ವಸ್ತ್ರ ಕ್ಷಿಪಣಿಗಳನ್ನು ಹೊತ್ತ, ಪಶ್ಚಿಮದವರು ಟೈಫೂನ್ ಎಂದು ಕರೆದ ನಿಜವಾದ ನೌಕಾ ಮಾದರಿಯನ್ನು ಕ್ಲಾನ್ಸಿ ಇನ್ನಷ್ಟು ಹಿಗ್ಗಿಸಿ, ಅದಕ್ಕೆ ಕಲ್ಪಿತ ನಿಶ್ಶಬ್ದ ಚಾಲನಾ ವ್ಯವಸ್ಥೆಯೊಂದನ್ನು ಜೋಡಿಸಿದರು. ಅದರ ಮಹತ್ವ ತಿಳಿಯಲು ಸಮುದ್ರದಾಳದ ಬೇಟೆಯ ಸ್ವರೂಪ ತಿಳಿದಿರಬೇಕು. ಬೆಳಕಾಗಲಿ ರೇಡಿಯೊ ಅಲೆಗಳಾಗಲಿ ಕಡಲ ನೀರಿನಲ್ಲಿ ಹೆಚ್ಚು ದೂರ ಸಾಗಲಾರವು. ಶಬ್ದ ಮಾತ್ರ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಬಹುದೂರ ಹರಿಯುತ್ತದೆ. ಆದ್ದರಿಂದ ಜಲಾಂತರ್ಗಾಮಿಗೆ ಕಿವಿಯೇ ಕಣ್ಣು, ಅದರ ಕೇಳುವ ಸಾಧನವೇ ಸೋನಾರ್. ತಾನೇ ಶಬ್ದ ಹೊರಡಿಸಿ ಪ್ರತಿಧ್ವನಿಗೆ ಕಾಯುವುದು ಒಂದು ವಿಧಾನ, ಆದರೆ ಹಾಗೆ ಮಾಡಿದರೆ ಇರುವ ಜಾಗ ಶತ್ರುವಿಗೂ ತಿಳಿದುಹೋಗುತ್ತದೆ. ಸುಮ್ಮನೆ ಕಿವಿಗೊಟ್ಟು ಕೂರುವುದು ಇನ್ನೊಂದು, ಶೀತಲ ಸಮರದ ನಾವಿಕರು ಬಹುಪಾಲು ಅನುಸರಿಸಿದ್ದು ಇದನ್ನೇ. ಪ್ರೊಪೆಲರಿನ ಅಲಗುಗಳು ರಭಸದಿಂದ ತಿರುಗುವಾಗ ಅವುಗಳ ಬಳಿ ನೀರಿನ ಒತ್ತಡ ಕುಸಿದು, ಸಣ್ಣ ಆವಿಗುಳ್ಳೆಗಳು ಹುಟ್ಟಿ ಪಟಪಟನೆ ಒಡೆಯುತ್ತವೆ. ನೌಕೆಯ ಗುಟ್ಟು ಹೊರಬೀಳುವುದು ಹೆಚ್ಚಾಗಿ ಈ ಸದ್ದಿನಿಂದ. ಕಾದಂಬರಿಯ ‘ಕ್ಯಾಟರ್‌ಪಿಲ್ಲರ್’ ವ್ಯವಸ್ಥೆಯಲ್ಲಿ ತಿರುಗುವ ಚಕ್ರಗಳು ನೌಕೆಯ ಒಡಲಿನೊಳಗಿನ ಸುರಂಗಗಳಲ್ಲಿ ಅಡಗಿರುವುದರಿಂದ ಆ ಸದ್ದು ಹೊರಗೆ ಕೇಳಿಸದು.

ಇಲ್ಲಿಂದ ಮುಂದೆ ಬರುವ ಒಂದು ಪ್ರಸಂಗದಲ್ಲಿ ಕ್ಲಾನ್ಸಿ ಅವರ ಕಲೆಯೆಲ್ಲ ಅಡಕವಾಗಿದೆ. ಅಮೆರಿಕದ ‘ಡಲಾಸ್’ ಜಲಾಂತರ್ಗಾಮಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಳಿತ ಜೋನ್ಸ್ ಎಂಬ ಕಿರಿಯ ಸೋನಾರ್ ಸಿಬ್ಬಂದಿಗೆ, ಕಾಲ್‌ಟೆಕ್‌ನಂಥ ದೊಡ್ಡ ಸಂಸ್ಥೆಯಲ್ಲಿ ಓದು ಪೂರೈಸದೆ ಹೊರಬಿದ್ದ ಹುಡುಗನಿಗೆ, ಎಂದೂ ಕೇಳದ ಮಂದ ಸದ್ದೊಂದು ಕೇಳಿಸುತ್ತದೆ. ನೌಕೆಯ ಕಂಪ್ಯೂಟರ್ ಅದನ್ನು ಸಮುದ್ರತಳದ ಭೂಗರ್ಭ ಚಟುವಟಿಕೆ ಎಂದು ಷರಾ ಬರೆದು ಕೈತೊಳೆದುಕೊಳ್ಳುತ್ತದೆ. ಜೋನ್ಸ್ ಒಪ್ಪುವುದಿಲ್ಲ. ಆ ಪ್ರೋಗ್ರಾಂ ಮೂಲತಃ ಭೂಕಂಪನಗಳ ಅಧ್ಯಯನಕ್ಕಾಗಿ ಬರೆದದ್ದೆಂದೂ, ಗುರುತು ಸಿಗದ ಸದ್ದು ಬಂದಾಗ ಅದು ತನ್ನ ಹಳೆಯ ಪಾಠಕ್ಕೇ ಮರಳುತ್ತದೆಂದೂ ಅವನಿಗೆ ಗೊತ್ತು. ಈ ಕಾದಂಬರಿಯನ್ನು ಆಧರಿಸಿದ 1990ರ ಚಲನಚಿತ್ರದಲ್ಲಿ ಅವನು ಟೇಪನ್ನು ಹತ್ತು ಪಟ್ಟು ವೇಗದಲ್ಲಿ ತಿರುಗಿಸಿದಾಗ ಆ ಗೊಂದಲದ ಒಳಗಿನಿಂದ ಕ್ರಮಬದ್ಧ ಲಯವೊಂದು ಕೇಳಿಬರುತ್ತದೆ. ಪ್ರಕೃತಿ ಅಷ್ಟು ನಿಯಮಿತವಾಗಿ ತಾಳ ಹಾಕದು. ಗುಂಡು ಹಾರದ, ಯಾರೂ ಓಡದ ಈ ದೃಶ್ಯ ರೋಚಕವಾಗಿರುವುದಕ್ಕೆ ಕಾರಣ, ಯಂತ್ರ ಏಕೆ ತಪ್ಪು ಹೇಳಿತು ಎಂಬುದು ಓದುಗನಿಗೆ ಪೂರ್ತಿ ಅರ್ಥವಾಗಿರುವುದೇ. ಯಂತ್ರದ ಮಿತಿ ಅರಿತವನ ಗೆಲುವನ್ನು ಕ್ಲಾನ್ಸಿ ಇಲ್ಲಿ ಕೊಂಡಾಡುತ್ತಾರೆಯೇ ಹೊರತು ಯಂತ್ರದ ಗೆಲುವನ್ನಲ್ಲ. ಅವರನ್ನು ಶಸ್ತ್ರಾಸ್ತ್ರಗಳ ಭಜಕ ಎಂದು ತಳ್ಳಿಹಾಕಿದ ವಿಮರ್ಶಕರು ಈ ಭಾಗವನ್ನು ನಿಧಾನವಾಗಿ ಓದಿದ್ದರೆ ಚೆನ್ನಾಗಿತ್ತು.

ಇದೇ ನೋಟ ‘ರೆಡ್ ಅಕ್ಟೋಬರ್’ ನೌಕೆಯ ಕ್ಯಾಪ್ಟನ್ ಮಾರ್ಕೊ ರಾಮಿಯಸ್‌ನ ಬಂಡಾಯದ ಕಾರಣದಲ್ಲೂ ಇದೆ. ಅವನ ಪತ್ನಿ ಸತ್ತದ್ದು ಕುಡಿದು ಬಂದ ಶಸ್ತ್ರವೈದ್ಯನ ಕೈಯಲ್ಲಿ. ಸೋಂಕನ್ನು ತಡೆಯಬೇಕಿದ್ದ ಔಷಧಿಯ ಸೀಸೆಗಳಲ್ಲಿ ಇದ್ದದ್ದು ಬರಿಯ ಬಟ್ಟಿ ಇಳಿಸಿದ ನೀರು. ಅಣ್ವಸ್ತ್ರ ಕ್ಷಿಪಣಿಗಳನ್ನು ಸಾಗರದಡಿ ಸಾವಿರಾರು ಮೈಲಿ ಸಾಗಿಸಬಲ್ಲ ರಾಷ್ಟ್ರಕ್ಕೆ ಒಂದು ಸೀಸೆಯ ಔಷಧಿಯನ್ನು ಪ್ರಾಮಾಣಿಕವಾಗಿ ತುಂಬಲಾಗಲಿಲ್ಲ ಎಂಬ ಈ ವಿವರ, ಇಡೀ ಸೋವಿಯತ್ ವ್ಯವಸ್ಥೆಯ ಬಗ್ಗೆ ಕಾದಂಬರಿ ಮಾಡುವ ಅತ್ಯಂತ ಕಠಿಣ ಟೀಕೆ. ಕ್ಲಾನ್ಸಿ ಅವರ ಒಳ್ಳೆಯ ಕೃತಿಗಳಲ್ಲೆಲ್ಲ ತಂತ್ರಜ್ಞಾನ ಹೀಗೆ ಸಮಾಜವೊಂದರ ಶೀಲವನ್ನು ಒರೆಗೆ ಹಚ್ಚುತ್ತದೆ.

ಎರಡನೆಯ ಕಾದಂಬರಿ ‘ರೆಡ್ ಸ್ಟಾರ್ಮ್ ರೈಸಿಂಗ್’ 1986ರಲ್ಲಿ ಬಂತು. ಹಾರ್ಪೂನ್ ಆಟದ ಲ್ಯಾರಿ ಬಾಂಡ್ ಅವರ ಜೊತೆ ಸೇರಿ ರೂಪಿಸಿದ ಈ ಕೃತಿ, ಅಣ್ವಸ್ತ್ರ ಬಳಸದೆ ನಡೆಯುವ ಮೂರನೆಯ ಮಹಾಯುದ್ಧವೊಂದನ್ನು ಕಲ್ಪಿಸುತ್ತದೆ. ತೈಲ ಕೇಂದ್ರವೊಂದು ನಾಶವಾಗಿ ಇಂಧನದ ಅಭಾವಕ್ಕೆ ಸಿಲುಕಿದ ಸೋವಿಯತ್ ಒಕ್ಕೂಟ ಯುರೋಪಿನ ಮೇಲೆ ಏರಿಹೋಗಿ ಐಸ್‌ಲ್ಯಾಂಡನ್ನು ವಶಪಡಿಸಿಕೊಳ್ಳುತ್ತದೆ. ಕೆಲವು ಸಮುದ್ರ ಕಾಳಗಗಳ ಫಲಿತಾಂಶವನ್ನು ಲೇಖಕರಿಬ್ಬರೂ ಆಟದ ಹಲಗೆಯ ಮೇಲೆ ಆಡಿ ನೋಡಿಯೇ ಬರೆದರು. ಅದೇ ವರ್ಷದ ಅಕ್ಟೋಬರಿನಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಗೋರ್ಬಚೆವ್ ಅವರೊಂದಿಗಿನ ಶೃಂಗಸಭೆ ಮುಗಿಸಿದ ರೇಗನ್, ಸೋವಿಯತ್ ಮನೋಭಾವ ತಿಳಿಯಲು ಈ ಕಾದಂಬರಿಯನ್ನು ಓದಬೇಕೆಂದು ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರಿಗೆ ದೂರವಾಣಿಯಲ್ಲಿ ಶಿಫಾರಸು ಮಾಡಿದ್ದು 2015ರಲ್ಲಿ ಬಿಡುಗಡೆಯಾದ ಬ್ರಿಟಿಷ್ ದಾಖಲೆಗಳಿಂದ ತಿಳಿದುಬಂತು. ಜನಪ್ರಿಯ ಕಾದಂಬರಿಯೊಂದು ಎರಡು ಅಣ್ವಸ್ತ್ರ ರಾಷ್ಟ್ರಗಳ ನಾಯಕರ ಮಾತುಕತೆಯೊಳಗೆ ಆಧಾರಗ್ರಂಥದಂತೆ ಬಂದು ಕೂತದ್ದು ಯೋಚಿಸಬೇಕಾದ ಸಂಗತಿ. ಅದರಲ್ಲಿ ಊಹೆಯ ತಪ್ಪುಗಳೂ ಇದ್ದವು: ರೇಡಾರಿಗೆ ಸುಲಭವಾಗಿ ಸಿಗದ ಸ್ಟೆಲ್ತ್ ವಿಮಾನವನ್ನು ಕ್ಲಾನ್ಸಿ ದುಂಡನೆಯ ಆಕಾರದಲ್ಲಿ ಕಲ್ಪಿಸಿದ್ದರೆ, 1988ರಲ್ಲಿ ಅಮೆರಿಕ ಬಹಿರಂಗಪಡಿಸಿದ ನಿಜವಾದ ಎಫ್-117 ವಿಮಾನದ ಮೈಯೆಲ್ಲ ಚಪ್ಪಟೆ ಮುಖಗಳು, ಚೂಪು ಅಂಚುಗಳು.

ನಂತರದ ‘ಪೇಟ್ರಿಯಟ್ ಗೇಮ್ಸ್’ (1987) ಮತ್ತು ‘ದಿ ಕಾರ್ಡಿನಲ್ ಆಫ್ ದಿ ಕ್ರೆಮ್ಲಿನ್’ (1988) ಕೃತಿಗಳಲ್ಲಿ, ಮೊದಲ ಕಾದಂಬರಿಯಲ್ಲೇ ಕಾಣಿಸಿಕೊಂಡಿದ್ದ ಸಿಐಎ ವಿಶ್ಲೇಷಕ ಜ್ಯಾಕ್ ರಯಾನ್ ಮತ್ತೆ ಬರುತ್ತಾನೆ. ಇತಿಹಾಸದ ಅಧ್ಯಾಪಕನೂ ಆಗಿದ್ದ ರಯಾನ್‌ನ ಮೂಲ ಶಕ್ತಿ ಕೈಚಳಕವಲ್ಲ, ದಾಖಲೆಗಳನ್ನು ಓದಿ ಎದುರಾಳಿಯ ಮನಸ್ಸನ್ನು ಊಹಿಸುವ ಬುದ್ಧಿ. 1989ರ ‘ಕ್ಲಿಯರ್ ಅಂಡ್ ಪ್ರೆಸೆಂಟ್ ಡೇಂಜರ್’ ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾದಂಬರಿ. ಗಟ್ಟಿ ರಟ್ಟಿನ ಪ್ರತಿಗಳೇ 16 ಲಕ್ಷಕ್ಕೂ ಹೆಚ್ಚು ಖರ್ಚಾದವು. ಕೊಲಂಬಿಯದ ಮಾದಕವಸ್ತು ದೊರೆಗಳ ವಿರುದ್ಧ ಅಮೆರಿಕದ ಅಧ್ಯಕ್ಷ ಗುಪ್ತ ಯುದ್ಧ ನಡೆಸಿ, ರಾಜಕೀಯವಾಗಿ ಕಷ್ಟವಾದಾಗ ತನ್ನ ಸೈನಿಕರನ್ನೇ ಕಾಡಿನಲ್ಲಿ ಕೈಬಿಡುವ ಕಥೆ ಇದು. ಕ್ಲಾನ್ಸಿ ಬಲಪಂಥೀಯ ದೇಶಭಕ್ತರೆಂಬುದು ನಿಜ, ಆದರೆ ಸಂಸತ್ತಿಗೆ ಸುಳ್ಳು ಹೇಳಿ ನಡೆಸುವ ಯುದ್ಧವನ್ನು ಈ ಕಾದಂಬರಿ ಕ್ಷಮಿಸುವುದಿಲ್ಲ.

ಅವರ ಅತ್ಯಂತ ಗಾಢವಾದ ಕೃತಿ 1991ರ ‘ದಿ ಸಮ್ ಆಫ್ ಆಲ್ ಫಿಯರ್ಸ್’. 1973ರ ಅರಬ್-ಇಸ್ರೇಲ್ ಯುದ್ಧದಲ್ಲಿ ಕಳೆದುಹೋದ ಅಣುಬಾಂಬೊಂದು ಭಯೋತ್ಪಾದಕರ ಕೈಗೆ ಸಿಕ್ಕಿ, ಪೂರ್ವ ಜರ್ಮನಿಯ ಎಂಜಿನಿಯರ್ ಒಬ್ಬನ ನೆರವಿನಿಂದ ಇನ್ನೂ ದೊಡ್ಡ ಅಸ್ತ್ರವಾಗಿ ಮರುರೂಪ ಪಡೆದು, ಡೆನ್ವರ್ ನಗರದ ಕ್ರೀಡಾಂಗಣದಲ್ಲಿ ಸ್ಫೋಟಗೊಳ್ಳುತ್ತದೆ. ಬಾಂಬಿನೊಳಗೆ ನಡೆಯುವುದನ್ನು ಕ್ಲಾನ್ಸಿ ಒಂದು ಅಧ್ಯಾಯದಲ್ಲಿ ನ್ಯಾನೊಸೆಕೆಂಡುಗಳ ಲೆಕ್ಕದಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದೊಂದು ಪಾಲನ್ನೂ ಎಣಿಸುತ್ತ ವರ್ಣಿಸುತ್ತಾರೆ. ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಚಿಕ್ಕದಾದ ಆ ಕ್ಷಣಕ್ಕೆ ಪುಟಗಟ್ಟಲೆ ಜಾಗ ಕೊಟ್ಟು, ಆಗುವ ಅನಾಹುತಕ್ಕಿಂತ ಹೆಚ್ಚಾಗಿ ಆಗದೆ ಉಳಿದದ್ದರ ಕಡೆಗೆ ಓದುಗನ ಗಮನವನ್ನು ತಿರುಗಿಸಿದ್ದು ಅಪರೂಪದ ಸಾಧನೆ. ಬಾಂಬು ಪೂರ್ಣವಾಗಿ ಸಿಡಿಯುವುದಿಲ್ಲ. ಅದರಲ್ಲಿ ಬಳಸಿದ ಟ್ರಿಟಿಯಂ ಎಂಬ ಜಲಜನಕದ ವಿಕಿರಣಶೀಲ ರೂಪ ಕಾಲಕ್ರಮದಲ್ಲಿ ತಾನಾಗಿಯೇ ಹೀಲಿಯಂ ಆಗಿ ಮಾರ್ಪಡುತ್ತದೆ, ಆ ಹೀಲಿಯಂ ಸ್ಫೋಟಕ್ಕೆ ಅಡ್ಡಿ. ಅದನ್ನು ಶುದ್ಧಗೊಳಿಸಬೇಕೆಂದು ಅರಿತಿದ್ದ ಎಂಜಿನಿಯರನನ್ನು, ಅವನ ಕೆಲಸ ಮುಗಿಯಿತೆಂದು ತಿಳಿದ ಸಂಗಡಿಗರೇ ಕೊಂದುಬಿಟ್ಟಿರುತ್ತಾರೆ. ಅಪನಂಬಿಕೆಯಿಂದ ಮಾಡಿದ ಒಂದು ಕೊಲೆ ಯಂತ್ರದ ಒಡಲಲ್ಲಿ ದೋಷವಾಗಿ ಉಳಿಯುತ್ತದೆ. ಸ್ಫೋಟದ ನಂತರ ಕೋಪ ಮತ್ತು ದುಃಖದಲ್ಲಿ ವಿವೇಚನೆ ಕಳೆದುಕೊಂಡ ಅಧ್ಯಕ್ಷ ಇರಾನಿನ ಕೋಮ್ ನಗರದ ಮೇಲೆ ಅಣ್ವಸ್ತ್ರ ಪ್ರಯೋಗಿಸಲು ಆಜ್ಞೆ ಕೊಟ್ಟಾಗ, ಎರಡನೆಯವನಾಗಿ ಆ ಆಜ್ಞೆಯನ್ನು ದೃಢಪಡಿಸಬೇಕಿದ್ದ ರಯಾನ್ ಒಪ್ಪುವುದಿಲ್ಲ. ಬಾಂಬು ತಯಾರಿಕೆಯ ಕೆಲವು ವಿವರಗಳನ್ನು ತಾವು ಬೇಕೆಂದೇ ಬದಲಾಯಿಸಿರುವುದಾಗಿ ಲೇಖಕರು ಪುಸ್ತಕದ ಕೊನೆಯಲ್ಲಿ ತಿಳಿಸಿದ್ದಾರೆ. 2002ರ ಚಲನಚಿತ್ರ ಈ ಸೂಕ್ಷ್ಮಗಳನ್ನೆಲ್ಲ ಬಿಟ್ಟುಕೊಟ್ಟು, ಖಳರನ್ನು ನವನಾಜಿಗಳನ್ನಾಗಿ ಬದಲಿಸಿ, ಸಾಮಾನ್ಯ ಮಟ್ಟದ ಸಾಹಸ ಚಿತ್ರವಾಗಿ ಉಳಿಯಿತು.

ಸೋವಿಯತ್ ಒಕ್ಕೂಟ ಕುಸಿದ ಮೇಲೆ ಕ್ಲಾನ್ಸಿ ಅವರಿಗೆ ಸಮಬಲದ ಎದುರಾಳಿ ಇಲ್ಲವಾದ. 1994ರ ‘ಡೆಟ್ ಆಫ್ ಆನರ್’ನಲ್ಲಿ ಜಪಾನ್ ಶತ್ರುವಾಗುತ್ತದೆ; ಕಥೆಯ ಕೊನೆಗೆ ಜಪಾನಿ ಪೈಲಟ್ ಒಬ್ಬ ಜಂಬೊ ಜೆಟ್ ವಿಮಾನವನ್ನು ಅಮೆರಿಕದ ಸಂಸತ್ ಭವನದ ಮೇಲೆ ಬೀಳಿಸುತ್ತಾನೆ. 2001ರ ಸೆಪ್ಟೆಂಬರ್ 11ರ ದಾಳಿ ನಡೆದಾಗ ಈ ದೃಶ್ಯ ಎಲ್ಲರಿಗೂ ನೆನಪಾಗಿ, ಸುದ್ದಿವಾಹಿನಿಗಳು ಅಂದೇ ಲೇಖಕರನ್ನು ಮಾತಿಗೆ ಕರೆದವು. ಭಾರತೀಯ ಓದುಗರಿಗೆ ಈ ಕಾದಂಬರಿ ಬೇರೆ ಕಾರಣಕ್ಕೆ ಮುಖ್ಯ. ಅಮೆರಿಕ ಪೆಸಿಫಿಕ್‌ನಲ್ಲಿ ಸಿಲುಕಿರುವ ಹೊತ್ತು ನೋಡಿ ಭಾರತದ ನೌಕಾಪಡೆ ಶ್ರೀಲಂಕಾದತ್ತ ಮುನ್ನುಗ್ಗುವಂತೆ ಇಲ್ಲಿ ಚಿತ್ರಿಸಲಾಗಿದೆ. 1996ರ ‘ಎಕ್ಸಿಕ್ಯುಟಿವ್ ಆರ್ಡರ್ಸ್’ನಲ್ಲೂ ಭಾರತ ಅಮೆರಿಕದ ಶತ್ರುಗಳಿಗೆ ಒಳಗೊಳಗೇ ಕೈಜೋಡಿಸುತ್ತದೆ. ಶಾಂತಿಪಾಲನೆಗೆಂದು ಶ್ರೀಲಂಕಾಕ್ಕೆ ಹೋದ ಭಾರತೀಯ ಸೇನೆ ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು 1990ರ ಮಾರ್ಚಿನಲ್ಲಷ್ಟೇ ಹಿಂದಿರುಗಿತ್ತು, ಆ ಗಾಯ ಮಾಯುವ ಮುನ್ನವೇ ದ್ವೀಪವನ್ನು ಆಕ್ರಮಿಸಲು ಹೊರಡುವ ಸರ್ಕಾರವನ್ನು ಕಲ್ಪಿಸುವುದು ಈ ನೆಲದ ರಾಜಕೀಯ ತಿಳಿದವರಿಗೆ ಸಾಧ್ಯವಿಲ್ಲ. ಸೋವಿಯತ್ ನೌಕೆಯ ಒಂದೊಂದು ಕವಾಟವನ್ನೂ ಅಭ್ಯಾಸ ಮಾಡಿದ್ದ ಲೇಖಕರು ಏಷ್ಯಾದ ದೇಶಗಳ ಬಗ್ಗೆ ಅಷ್ಟು ಶ್ರಮಪಡಲಿಲ್ಲ. ಹಡಗುಗಳ ವಿವರ ನಿಖರವಾಗಿದ್ದು, ಅವುಗಳನ್ನು ನಡೆಸುವ ಜನರ ಮನಸ್ಸು ಅಪರಿಚಿತವಾಗಿಯೇ ಉಳಿಯಿತು.

ರಯಾನ್ ಅಧ್ಯಕ್ಷನಾಗಿ, ಅಮೆರಿಕದ ಯಂತ್ರಗಳು ಎಂದೂ ಕೈಕೊಡದಂತಾಗಿ, ಎದುರಾಳಿಗಳು ಮುಂಚಿತವಾಗಿಯೇ ಸೋತಂತೆ ಕಾಣತೊಡಗಿದ ಮೇಲೆ ಕಥೆಯ ಬಿಗಿ ಸಡಿಲವಾಯಿತು. ಸಾವಿರ ಪುಟ ಮುಟ್ಟುವ ‘ದಿ ಬೇರ್ ಅಂಡ್ ದಿ ಡ್ರ್ಯಾಗನ್’ (2000) ಇದಕ್ಕೆ ಉದಾಹರಣೆ. ಅದರಲ್ಲಿ ಪಾತ್ರಗಳು ಯೋಚಿಸುವುದಕ್ಕಿಂತ ಲೇಖಕರ ರಾಜಕೀಯ ಅಭಿಪ್ರಾಯಗಳನ್ನು ಒಪ್ಪಿಸುವುದೇ ಹೆಚ್ಚು. ಇನ್ನೊಂದೆಡೆ ಅವರ ಹೆಸರು ಪುಸ್ತಕಗಳನ್ನು ಮೀರಿ ಬೆಳೆಯಿತು. ‘ಆಪ್-ಸೆಂಟರ್’ನಂಥ ಸರಣಿಗಳನ್ನು ಬೇರೆಯವರು ಬರೆದರೂ ಮುಖಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುತ್ತಿದ್ದದ್ದು ಕ್ಲಾನ್ಸಿ ಎಂಬ ಹೆಸರೇ. 1996ರಲ್ಲಿ ಅವರು ಸಹಸ್ಥಾಪಕರಾಗಿ ಕಟ್ಟಿದ ರೆಡ್ ಸ್ಟಾರ್ಮ್ ಎಂಟರ್‌ಟೇನ್‌ಮೆಂಟ್ ಕಂಪನಿ 1998ರಲ್ಲಿ ಹೊರತಂದ ‘ರೇನ್‌ಬೋ ಸಿಕ್ಸ್’ ಎಂಬ ವಿಡಿಯೊ ಗೇಮ್ ಮಾತ್ರ ಅವರ ಮೂಲ ದೃಷ್ಟಿಗೆ ನಿಷ್ಠವಾಗಿತ್ತು. ಕಂಡಕಂಡಲ್ಲಿ ಗುಂಡು ಹಾರಿಸುವುದೇ ಆಟವಾಗಿದ್ದ ಆ ದಿನಗಳಲ್ಲಿ ಅದು ಆಟಗಾರನನ್ನು ಮೊದಲು ಕಟ್ಟಡದ ನಕ್ಷೆಯ ಮುಂದೆ ಕೂರಿಸಿ, ಯಾವ ತಂಡ ಯಾವ ಬಾಗಿಲಿನಿಂದ ಯಾವಾಗ ಒಳಹೋಗಬೇಕೆಂದು ಯೋಜಿಸುವಂತೆ ಮಾಡಿತು. ಒಂದೇ ಗುಂಡೇಟಿಗೆ ತನ್ನವನೊಬ್ಬ ಶಾಶ್ವತವಾಗಿ ಹೋಗಬಹುದೆಂಬ ಎಚ್ಚರವನ್ನೂ ಕಲಿಸಿತು. ಫ್ರಾನ್ಸಿನ ಯೂಬಿಸಾಫ್ಟ್ 2000ದಲ್ಲಿ ಆ ಕಂಪನಿಯನ್ನು, 2008ರಲ್ಲಿ ಆಟಗಳಿಗೆ ಕ್ಲಾನ್ಸಿ ಅವರ ಹೆಸರನ್ನು ಬಳಸುವ ಹಕ್ಕನ್ನು ಕೊಂಡಿತು. ಹೀಗಾಗಿ ಅವರ ಒಂದು ಪುಟವನ್ನೂ ಓದದ ತರುಣರಿಗೂ ಅವರ ಹೆಸರು ಚಿರಪರಿಚಿತ.

ಕ್ಲಾನ್ಸಿ 2013ರ ಅಕ್ಟೋಬರ್ 1ರಂದು, 66ನೆಯ ವಯಸ್ಸಿನಲ್ಲಿ, ತಮ್ಮ ಹುಟ್ಟೂರು ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ನಿಧನರಾದರು. ಮಾರ್ಕ್ ಗ್ರೀನಿ ಅವರ ಜೊತೆ ಬರೆದ ‘ಕಮಾಂಡ್ ಅಥಾರಿಟಿ’ ಅದೇ ಡಿಸೆಂಬರಿನಲ್ಲಿ ಹೊರಬಂತು. ರಷ್ಯಾ ಉಕ್ರೇನಿನ ಮೇಲೆ ಏರಿಹೋಗುವ ಆ ಕಥೆ ಪ್ರಕಟವಾದ ಕೆಲವೇ ತಿಂಗಳಲ್ಲಿ ರಷ್ಯಾ ಕ್ರೈಮಿಯಾವನ್ನು ತನ್ನದಾಗಿಸಿಕೊಂಡಿತು. ರಯಾನ್ ಪಾತ್ರ ಬೇರೆ ಲೇಖಕರ ಕೈಯಲ್ಲಿ ಮುಂದುವರಿದಿದೆ; 2018ರಿಂದ 2023ರವರೆಗೆ ವೆಬ್ ಸರಣಿಯೊಂದರಲ್ಲೂ ಕಾಣಿಸಿಕೊಂಡಿತು. ಹೊಸದಾಗಿ ಓದುವವರು ಮೊದಲು ‘ರೆಡ್ ಅಕ್ಟೋಬರ್’ ಹಿಡಿದು, ಅದು ರುಚಿಸಿದರೆ ನೇರವಾಗಿ ‘ದಿ ಸಮ್ ಆಫ್ ಆಲ್ ಫಿಯರ್ಸ್’ಗೆ ಹೋಗುವುದು ಲೇಸು; ಅದರ ಮೊದಲ ನೂರಾರು ಪುಟಗಳು ನಿಧಾನವಾಗಿ ಸಾಗುತ್ತವೆ, ಆದರೆ ಅಲ್ಲಿ ಬರುವ ಯಾವ ತಾಂತ್ರಿಕ ವಿವರವನ್ನೂ ಹಾರಿಸಿ ಓದಬಾರದು, ಡೆನ್ವರಿನ ಅಧ್ಯಾಯದಲ್ಲಿ ಅವೆಲ್ಲವೂ ಲೆಕ್ಕಕ್ಕೆ ಬರುತ್ತವೆ.